ಕಾಕಂಬಿಯ ಲೆಕ್ಕ ಬಲ್ಲ ಊರಿಗೆ ಸಿಲಿಂಡರಿನ ಲೆಕ್ಕವೇಕೆ ಬೇಡ?

ನಿನ್ನೆ ಮಧ್ಯಾಹ್ನ ಬಾಗಲಕೋಟೆಯ ನವನಗರದ ಖಾನಾವಳಿಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಗೋಡೆಯ ಮೇಲೆ ‘ಗ್ಯಾಸ್ ದರ ಏರಿದ್ದರಿಂದ ಊಟಕ್ಕೆ 10 ರೂಪಾಯಿ ಹೆಚ್ಚು’ ಎಂಬ ಹೊಸ ಬೋರ್ಡು ತೂಗುತ್ತಿತ್ತು. ಪಕ್ಕದ ಮೇಜಿನ ತರುಣನೊಬ್ಬ ರೊಟ್ಟಿ ಮುರಿಯುತ್ತ, ಅಮೆರಿಕದಲ್ಲಿ ಗ್ಯಾಸು ಹೊಳೆಯಂತೆ ಹರಿಯುತ್ತಿದೆ, ನಮ್ಮವರು ಒಪ್ಪಂದವನ್ನೂ ಮಾಡಿಕೊಂಡಿದ್ದಾರೆ, ಇನ್ನೇನು ಸಿಲಿಂಡರ್ ಐನೂರಕ್ಕೆ ಇಳಿಯುತ್ತದೆ ಎಂದು ಸಾರುತ್ತಿದ್ದ. ಎದುರಿಗಿದ್ದವನು, ಏರಿಸುವುದೂ ಇಳಿಸುವುದೂ ಚುನಾವಣೆ ನೋಡಿಕೊಂಡೇ ಎಂದು ತೀರ್ಪು ಕೊಟ್ಟ. ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ ಹದಿನಾಲ್ಕು ವರ್ಷ ಬಿಲ್ಲು ಹರಿದವಳಿಗೆ ಇಂಥ ಮಾತು ಕಿವಿಗೆ ಬಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವುದೇ.

ನನ್ನ ಸಿಟ್ಟು ಆ ಹುಡುಗರ ಮೇಲಲ್ಲ. ಮುಧೋಳ, ಜಮಖಂಡಿಗಳ ಈ ಜಿಲ್ಲೆಯಲ್ಲಿ ಕಬ್ಬು ಎಷ್ಟು ಅರೆದರೆ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಎಷ್ಟು ಇಳಿಯುತ್ತದೆ ಎಂಬುದನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ದಿನವೂ ಒಲೆಯಲ್ಲಿ ಉರಿಯುವ ಅನಿಲ ಎಲ್ಲಿಂದ, ಯಾವ ಲೆಕ್ಕದಲ್ಲಿ ಬರುತ್ತದೆ ಎಂಬ ಒಂದೇ ಒಂದು ಸಾಲನ್ನು ನಮ್ಮ ಕೈಗೆ ಕೊಡುವ ಬಿಲ್ಲಿನ ಮೇಲೆ ಇಂದಿಗೂ ಯಾರೂ ಅಚ್ಚು ಹಾಕಿಸಿಲ್ಲ.

ಕಾಕಂಬಿಯ ಹೆಸರನ್ನು ಸುಮ್ಮನೆ ಎತ್ತಲಿಲ್ಲ. ಕಾಕಂಬಿಗಾಗಿ ಯಾರೂ ಕಬ್ಬು ನೆಡುವುದಿಲ್ಲ. ಹಾಗೆಯೇ ಸಿಲಿಂಡರಿನೊಳಗಿನ ಪ್ರೊಪೇನ್ ಮತ್ತು ಬ್ಯುಟೇನಿಗಾಗಿಯೇ ಯಾರೂ ಬಾವಿ ಕೊರೆಯುವುದಿಲ್ಲ. ನೆಲದಿಂದ ನೈಸರ್ಗಿಕ ಅನಿಲವನ್ನೋ ಕಚ್ಚಾ ತೈಲವನ್ನೋ ಎತ್ತುವಾಗ ಈಥೇನ್, ಪ್ರೊಪೇನ್, ಬ್ಯುಟೇನ್‌ಗಳು ಜೊತೆಯಲ್ಲಿ ಬರುತ್ತವೆ. ಅವನ್ನು ತಣಿಸಿ ಬೇರ್ಪಡಿಸುತ್ತಾರೆ. ಉಳಿದಷ್ಟು ತೈಲ ಶುದ್ಧೀಕರಣ ಘಟಕಗಳಿಂದ ಸಿಗುತ್ತದೆ. ಆದ್ದರಿಂದ ನವನಗರದಲ್ಲಿ ಒಲೆಗಳು ಹೆಚ್ಚಿದವೆಂದು ಪೂರೈಕೆ ಹೆಚ್ಚುವುದಿಲ್ಲ. ಟೆಕ್ಸಾಸಿನಲ್ಲಿ ತೈಲದ ಬಾವಿಗಳು ಹೆಚ್ಚಿದರೆ ಯಾರೂ ಕೇಳದಿದ್ದರೂ ಪ್ರೊಪೇನ್ ಹೆಚ್ಚುತ್ತದೆ. ಕಾಕಂಬಿಗೆ ಡಿಸ್ಟಿಲರಿಯ ಗಿರಾಕಿ ಬಂದ ಮೇಲೆ ಅದರ ನಸೀಬು ಬದಲಾಯಿತಲ್ಲವೇ? ಪ್ರೊಪೇನಿಗೂ ಹಾಗೆಯೇ ಚೀನಾದ ಪ್ಲಾಸ್ಟಿಕ್ ಕಾರ್ಖಾನೆಗಳು ಗಿರಾಕಿಗಳಾಗಿ ಬಂದವು. ಅವು ಅದನ್ನು ಪ್ರೊಪಿಲೀನ್ ಆಗಿಸಿ ಬಕೆಟ್ಟು, ಚೀಲಗಳ ಕಚ್ಚಾವಸ್ತುವಾಗಿ ಮಾಡುತ್ತವೆ. ಅಂದರೆ ನಮ್ಮ ರೊಟ್ಟಿಯ ಹಂಚು ಯಾರದೋ ಬಕೆಟ್ಟಿನೊಂದಿಗೆ ಹರಾಜಿನಲ್ಲಿ ಕುಳಿತಿದೆ.

ನಮ್ಮ ದೇಶ ವರ್ಷಕ್ಕೆ ಸುಮಾರು 3.1 ಕೋಟಿ ಟನ್ ಅಡುಗೆ ಅನಿಲ ಬಳಸುತ್ತದೆ. ಅದರಲ್ಲಿ ಸುಮಾರು ಶೇ. 60ರಷ್ಟು ಆಮದು, ಆಮದಿನ ಬಹುಪಾಲು ಬಂದಿರುವುದು ಕೊಲ್ಲಿ ರಾಷ್ಟ್ರಗಳಿಂದ, ಹಾರ್ಮುಜ್ ಎಂಬ ಇಕ್ಕಟ್ಟಿನ ಜಲಸಂಧಿಯ ಮೂಲಕ. ಅದರ ಬೆಲೆಗೆ ಅಳತೆಗೋಲು ಸೌದಿ ಅರೇಬಿಯಾದ ತೈಲ ಕಂಪನಿ ಅರಾಮ್ಕೊ ತಿಂಗಳಿಗೊಮ್ಮೆ ಪ್ರಕಟಿಸುವ ದರ. 2020ರ ಏಪ್ರಿಲಿನಲ್ಲಿ ಟನ್ ಪ್ರೊಪೇನಿಗೆ 230 ಡಾಲರ್ ಇದ್ದದ್ದು, ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಏಪ್ರಿಲಿನಲ್ಲಿ 940 ಡಾಲರ್ ಆಯಿತು. 2025ರ ಕೊನೆಯ ಹೊತ್ತಿಗೆ ಮತ್ತೆ 500ಕ್ಕಿಂತ ಕೆಳಗಿಳಿದಿತ್ತು. ಈ ಏರಿಳಿತದ ನೆರಳು ಖಾನಾವಳಿಯ 19 ಕಿಲೋ ಸಿಲಿಂಡರಿನ ಮೇಲೆ ಸಾಮಾನ್ಯವಾಗಿ ಪ್ರತಿ ತಿಂಗಳ ಒಂದನೇ ತಾರೀಖಿಗೆ ಬೀಳುತ್ತದೆ. ಮೇಲೆ ಶೇ. 18 ಜಿಎಸ್‌ಟಿ, ಅದೂ ಇಂಥ ಸಣ್ಣ ಖಾನಾವಳಿಯವರಿಗೆ ಮರಳಿ ಸಿಗದ ತೆರಿಗೆ. ಮನೆಯ 14.2 ಕಿಲೋ ಸಿಲಿಂಡರಿಗೆ ಶೇ. 5 ಮಾತ್ರ; ಅದರ ದರವನ್ನು ತಿಂಗಳುಗಟ್ಟಲೆ ಅಲುಗಾಡದಂತೆ ಹಿಡಿದಿಡುತ್ತಾರೆ. 2023ರ ಮಾರ್ಚಿನಲ್ಲಿ ದೆಹಲಿಯಲ್ಲಿ 1,103 ರೂಪಾಯಿ ಇದ್ದದ್ದು ಆಗಸ್ಟಿನ ಕೊನೆಗೆ 903, ಮರುವರ್ಷದ ಮಾರ್ಚಿನಲ್ಲಿ 803, 2025ರ ಏಪ್ರಿಲಿನಲ್ಲಿ 853.

ಹಿಡಿದಿಟ್ಟ ದರದ ನಷ್ಟ ಆವಿಯಾಗಿ ಹೋಗುತ್ತದೆಯೇ? ಇಲ್ಲ. 2022ರ ಅಕ್ಟೋಬರಿನಲ್ಲಿ ಸರ್ಕಾರಿ ತೈಲ ಕಂಪನಿಗಳಿಗೆ 22,000 ಕೋಟಿ, 2025ರ ಆಗಸ್ಟಿನಲ್ಲಿ 30,000 ಕೋಟಿ ರೂಪಾಯಿ ಪರಿಹಾರಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಉಜ್ವಲಾ ಸಂಪರ್ಕ ಪಡೆದ ಮನೆಯವರು ಮತ್ತೆ ಹತ್ತಿಕಟ್ಟಿಗೆಯ ಹೊಗೆಗೆ ಹೋಗಬಾರದು. ಆದರೆ ಆ ನಷ್ಟ ಬಾಕಿ ಇದೆಯೆಂದು ಬಿಲ್ಲಿನಲ್ಲಿ ಒಂದು ಸಾಲು ಬರೆದಿದ್ದರೆ, ಜಗತ್ತಿನಲ್ಲಿ ದರ ಬಿದ್ದಾಗಲೂ ಇಲ್ಲಿ ಏಕೆ ಬೀಳಲಿಲ್ಲ ಎಂದು ಕೌಂಟರಿನ ಮುಂದೆ ನಿಂತು ನನ್ನನ್ನು ಬೈದವರ ಪೈಕಿ ಅರ್ಧದಷ್ಟು ಜನ ಸುಮ್ಮನಾಗುತ್ತಿದ್ದರು. ಇನ್ನರ್ಧ ಜನ ಹೇಗೂ ಬೈಯುವವರೇ.

ಇನ್ನು ಆ ತರುಣನ ಅಮೆರಿಕದ ಹೊಳೆ. ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಅಡುಗೆ ಅನಿಲದ ರಫ್ತಿನಲ್ಲಿ ಇಂದು ಜಗತ್ತಿನ ಮೊದಲ ದೇಶ ಅಮೆರಿಕವೇ, ಮತ್ತು 2026ನೇ ವರ್ಷಕ್ಕೆ ಅಲ್ಲಿಂದ ಸುಮಾರು 22 ಲಕ್ಷ ಟನ್ ತರಲು ನಮ್ಮ ಕಂಪನಿಗಳು 2025ರ ನವೆಂಬರಿನಲ್ಲಿ ಒಪ್ಪಂದ ಮಾಡಿಕೊಂಡದ್ದೂ ನಿಜ. ಆದರೆ ಅದು ನಮ್ಮ ಆಮದಿನ ಸುಮಾರು ಹತ್ತರಲ್ಲಿ ಒಂದು ಪಾಲು. ಒಂದು ದೊಡ್ಡ ಹಡಗು ಹೊತ್ತು ತರುವುದು ಸುಮಾರು 45,000 ಟನ್, ಅಂದರೆ ಸುಮಾರು 32 ಲಕ್ಷ ಮನೆ ಸಿಲಿಂಡರು. ಕೇಳಲು ಭಾರಿ ಎನಿಸುತ್ತದೆ. ಆದರೆ ಆಮದೆಲ್ಲ ಇಂಥ ಹಡಗುಗಳಲ್ಲೇ ಬಂದರೂ ದಿನಕ್ಕೊಂದಕ್ಕಿಂತ ಹೆಚ್ಚು ಬೇಕು, ಅಮೆರಿಕದ ಒಪ್ಪಂದದಿಂದ ಸಿಗುವುದು ವಾರಕ್ಕೊಂದು ಹಡಗು ಸಹ ಪೂರ್ತಿ ಅಲ್ಲ. ಕೊಲ್ಲಿಯಿಂದ ಕೆಲವೇ ದಿನಗಳ ದಾರಿ; ಅಮೆರಿಕದಿಂದ ಆಫ್ರಿಕವನ್ನು ಬಳಸಿ ಬಂದರೆ ತಿಂಗಳು ಮೀರುತ್ತದೆ. ಆ ಬಾಡಿಗೆಯನ್ನು ಯಾರ ಅಪ್ಪ ಕೊಡುತ್ತಾನೆ? ಸಾಲದ್ದಕ್ಕೆ ನಮ್ಮ ಸಿಲಿಂಡರಿಗೆ ಬ್ಯುಟೇನ್ ಗಣನೀಯವಾಗಿ ಬೇಕು, ಅಮೆರಿಕ ಕಳಿಸುವುದರಲ್ಲಿ ಹೆಚ್ಚಿನದು ಪ್ರೊಪೇನ್. ಕಡಲೆಬೇಳೆ ಬೇಕಾದ ಮನೆಗೆ ತೊಗರಿಬೇಳೆ ಅಗ್ಗವಾಯಿತೆಂದು ಹೋಳಿಗೆ ಅಗ್ಗವಾಗುವುದಿಲ್ಲ.

ಮುಂದಿನ ವರ್ಷಗಳಲ್ಲಿ ಪೂರೈಕೆ ಹೆಚ್ಚುವ ಲಕ್ಷಣಗಳು ಇವೆ ಎಂಬುದನ್ನು ಒಪ್ಪುತ್ತೇನೆ. ಕತಾರ್ ತನ್ನ ನಾರ್ತ್ ಫೀಲ್ಡ್ ಎಂಬ ಅನಿಲ ನಿಕ್ಷೇಪದ ವಿಸ್ತರಣೆಗೆ ಕೈಹಾಕಿದೆ, ಅಮೆರಿಕ ರಫ್ತಿನ ಬಂದರುಗಳನ್ನು ಹಿಗ್ಗಿಸುತ್ತಿದೆ. ಹಾಗೆಂದು ಐನೂರರ ಸಿಲಿಂಡರಿಗೆ ಕಾದು ಕೂರುವುದು, ಆಲಮಟ್ಟಿ ತುಂಬಿತೆಂದು ಕಾಲುವೆಯೇ ಇಲ್ಲದ ಹೊಲದಲ್ಲಿ ಕಬ್ಬು ನೆಟ್ಟಂತೆ. ಮೊದಲು ಹಳೆಯ ನಷ್ಟ ತುಂಬಬೇಕು, ಡಾಲರಿನ ಎದುರು ರೂಪಾಯಿ ನಿಲ್ಲಬೇಕು, ಕೊಲ್ಲಿಯಲ್ಲಿ ಯಾರೂ ಯಾರ ಮೇಲೂ ಬಾಂಬು ಹಾಕಬಾರದು. ಆಮೇಲೆ ಉಳಿದದ್ದು ನಮ್ಮ ಪಾಲಿಗೆ.

ಇಷ್ಟೆಲ್ಲ ಬರೆದವಳು ಒಂದನ್ನು ಒಪ್ಪಿಕೊಳ್ಳಲೇಬೇಕು. ಮನೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸಬೇಡಿ ಎಂದು ಹದಿನಾಲ್ಕು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ನಾನು, ಕಳೆದ ವರ್ಷ ತಮ್ಮನ ಮಗಳ ಕುಬುಸದ ದಿನ ಅಡುಗೆಯವರು ಪೆಂಡಾಲಿನ ಹಿಂದೆ ಎರಡು ಮನೆ ಸಿಲಿಂಡರು ಹಚ್ಚಿಕೊಂಡದ್ದನ್ನು ಕಂಡೂ ಕಾಣದಂತೆ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ. ಒಂದೇ ಅನಿಲಕ್ಕೆ ಎರಡು ದರ ಇಟ್ಟರೆ ಅಗ್ಗದ ಕಡೆಗೆ ಕೈ ಹೋಗುತ್ತದೆ. ನನ್ನ ಕೈಯೂ ಹೋಯಿತು. ನಿಯಮ ಪಾಲಿಸುವ ಖಾನಾವಳಿಯ ಅಕ್ಕ ಮಾತ್ರ ಪೂರ್ತಿ ದರ ತೆತ್ತು, ಗಿರಾಕಿಗಳಿಂದ ಮಾತನ್ನೂ ಕೇಳಬೇಕು.

ಊಟ ಮುಗಿಸಿ ಹಣ ಕೊಡುವಾಗ ಬಿಲ್ಲಿನ ಹಿಂಬದಿಗೆ ಸೌದಿ ದರ, ಹಡಗಿನ ಬಾಡಿಗೆ, ಡಾಲರ್, ಶೇ. 18 ತೆರಿಗೆ ಎಂದು ನಾಲ್ಕು ಪದ ಬರೆದು ಅಕ್ಕನಿಗೆ ವಿವರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಇದನ್ನ ಮದ್ಲ ಯಾರರೆ ಹೇಳಿದ್ರ, ಬೋರ್ಡ್ ಮ್ಯಾಲ ಇದನ್ನ ಬರಸ್ತಿದ್ನೆಲ್ರೀ ಅಕ್ಕಾರ, ಬೆಳಗಿನಿಂದ ಎಷ್ಟ ಮಂದಿ ಕೂಡ ಬಾಯಿ ಮಾಡ್ಲಿ ನಾ,” ಎಂದು ಚೀಟಿಯನ್ನು ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಂಡರು.