ಆಸ್ಪತ್ರೆ ಲೆಕ್ಕದಲ್ಲಿ ಸಾಲ ಕಾಣೋದೇ ಇಲ್ಲ

ಕೋಲಾರ ನಗರಸಭೆ ತನ್ನ ಲೆಕ್ಕದಲ್ಲಿ ಬರಬೇಕಾದ ತೆರಿಗೆಯನ್ನೂ ತೋರಿಸಬೇಕು, ಕೊಡಬೇಕಾದ ಬಿಲ್ಲನ್ನೂ ತೋರಿಸಬೇಕು. ಅದಕ್ಕೆ 2006ರ ನಿಯಮಗಳೇ ಇವೆ. ಅದೇ ಊರಿನ ಸರ್ಕಾರಿ ಆಸ್ಪತ್ರೆಗೆ ಈ ಕಟ್ಟಳೆ ಇಲ್ಲ. ರಾಜ್ಯ ಸರ್ಕಾರದ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ ಪಾಸಾದರೆ ಮಾತ್ರ ಅದು ಖರ್ಚು. ಪಾಸಾಗದೆ ಮೇಜಿನ ಮೇಲೆ ಉಳಿದ ಬಿಲ್ ಯಾವ ವರದಿಗೂ ಬರುವುದಿಲ್ಲ.

ಒಂದು ತಾಲ್ಲೂಕು ಆಸ್ಪತ್ರೆಯ ಖಾತೆಯಲ್ಲಿ ಮಾರ್ಚ್ 31ಕ್ಕೆ 18 ಲಕ್ಷ ಉಳಿದಿದೆ ಅಂದುಕೊಳ್ಳಿ. ಆಕ್ಸಿಜನ್ ಸಿಲಿಂಡರಿನವರಿಗೆ 9 ಲಕ್ಷ ಬಾಕಿ, ಲ್ಯಾಬಿನ ರೀಏಜೆಂಟ್‌ಗೆ (ಪರೀಕ್ಷೆಗೆ ಬಳಸುವ ರಾಸಾಯನಿಕ) 7 ಲಕ್ಷ, ಹೊರಗುತ್ತಿಗೆ ಸಿಬ್ಬಂದಿಗೆ 6 ಲಕ್ಷ. ಅಂದರೆ ಆಸ್ಪತ್ರೆ ನಿಜವಾಗಿ 4 ಲಕ್ಷ ಸಾಲದಲ್ಲಿದೆ. ಆದರೆ ಆಸ್ಪತ್ರೆಯ ಆಡಳಿತ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋಗುವ ಹಾಳೆಯಲ್ಲಿ ಇರುವುದು 18 ಲಕ್ಷ ಉಳಿತಾಯ! ಅದನ್ನು ನಂಬಿ ಪೇಂಟಿಂಗಿಗೆ, ಕುರ್ಚಿಗೆ ಮಂಜೂರಾತಿ ಕೊಡುತ್ತಾರೆ. ಜೂನ್ ಹೊತ್ತಿಗೆ ರೀಏಜೆಂಟ್ ಕೊಡುವವನು ಸರಬರಾಜು ನಿಲ್ಲಿಸುತ್ತಾನೆ, ರೋಗಿ ರಕ್ತ ಪರೀಕ್ಷೆಗೆ ಹೊರಗಿನ ಲ್ಯಾಬಿಗೆ ದುಡ್ಡು ಕೊಡುತ್ತಾನೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಕ್ಲೇಮ್, ಅಂದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆ ಯೋಜನೆಯಿಂದ ಕೇಳುವ ಹಣ, ಇನ್ನೂ ಗೋಜಲು. ಹತ್ತಾರು ರೋಗಿಗಳ ಹಣ ಒಟ್ಟಿಗೆ ಖಾತೆಗೆ ಬೀಳುತ್ತದೆ. ಕ್ಯಾಷ್ ಬುಕ್‌ನಲ್ಲಿ 'ಕ್ಲೇಮ್ ಜಮಾ' ಅಂತ ಒಂದೇ ಸಾಲು. ಡಿಸ್ಚಾರ್ಜ್ ಸಾರಾಂಶ ಅಪ್‌ಲೋಡ್ ಆಗದೆ ತಿರಸ್ಕೃತವಾದದ್ದು ಎಷ್ಟು, ದರ ಕಡಿತವಾದದ್ದು ಎಷ್ಟು ಅಂತ ಯಾರೂ ತಾಳೆ ಹಾಕುವುದಿಲ್ಲ. ಎಪಿಎಲ್ ರೋಗಿಯದಾದರೆ ಪ್ಯಾಕೇಜಿನ (ಆ ಚಿಕಿತ್ಸೆಗೆ ನಿಗದಿಯಾದ ದರ) ಶೇ 30 ಯೋಜನೆಯದು, ಮಿಕ್ಕಿದ್ದು ಅವರ ಕೈಯಿಂದ. ಒಬ್ಬನೇ ರೋಗಿಯ ಹಣ, ಬರುವ ದಾರಿ ಎರಡು. ಹೀಗೆ ಕೈತಪ್ಪುವುದು ಆಸ್ಪತ್ರೆ ದುಡಿದ ದುಡ್ಡು. ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದೇ.

ಔಷಧ ಉಗ್ರಾಣದ್ದೂ ಇದೇ ಪಾಡು: ಮಾತ್ರೆ ಎಣಿಕೆಯಲ್ಲಿದೆ, ರೂಪಾಯಿಯಲ್ಲಿ ಇಲ್ಲ. ಹಾಗಾಗಿ ಅವಧಿ ಮುಗಿದದ್ದರ ನಷ್ಟವೂ ಗೊತ್ತಾಗುವುದಿಲ್ಲ.

ಇದಕ್ಕೆ ಹೊಸ ಸಾಫ್ಟ್‌ವೇರ್ ಬರಲಿ ಅಂತ ಕಾಯಬೇಕಿಲ್ಲ. ಸರಕು ಒಳಗೆ ಬಂದ ದಿನವೇ ಬಿಲ್ ಸಂಖ್ಯೆ, ಮೊತ್ತ ಬಾಕಿ ವಹಿಗೆ ಏರಬೇಕು. ಪಾಸಾದ ದಿನ ಅಲ್ಲ. ಕ್ಲೇಮ್ ವಹಿಯಲ್ಲಿ ರೋಗಿಗೊಂದು ಸಾಲು: ಕಳಿಸಿದ ದಿನ, ಕೇಳಿದ ಮೊತ್ತ, ಬಂದ ಮೊತ್ತ, ಕಡಿತದ ಕಾರಣ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಪಾಸ್‌ಬುಕ್ಕಿಗೂ ಕ್ಯಾಷ್ ಬುಕ್ಕಿಗೂ ತಾಳೆ ಆಗಬೇಕು. ಬರೆಯುವವರು ಒಬ್ಬರು, ತಾಳೆ ನೋಡುವವರು ಇನ್ನೊಬ್ಬರು ಇರಲೇಬೇಕು. ಈಗ ಎಷ್ಟೋ ಕಡೆ ಎರಡೂ ಒಬ್ಬ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ತಲೆ ಮೇಲೆ, ಜೊತೆಗೆ ಸಂಬಳದ ಬಿಲ್ಲೂ ಅವರದೇ. ಅವರನ್ನು ಬೈದು ಪ್ರಯೋಜನವಿಲ್ಲ, ಇನ್ನೊಂದು ಹುದ್ದೆ ಕೊಡಿ.

ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದಲ್ಲಿ ಸಮಿತಿಯಲ್ಲಿರುವ ಸ್ನೇಹಿತರೇ, ಮುಂದಿನ ಸಭೆಯಲ್ಲಿ ಉಳಿಕೆ ಎಷ್ಟು ಅಂತ ಕೇಳುವ ಮೊದಲು 90 ದಿನ ದಾಟಿದ ಬಿಲ್ಲುಗಳ ಪಟ್ಟಿ ತರಿಸಿಕೊಳ್ಳಿ.