ಸತ್ಯಾಂಶ: ಆಂದ್ರೆಯನ್ನು ಮೊದಲು ಎತ್ತಿದ್ದು 1987ರಲ್ಲಿ ಅಲ್ಲ

ಕಲಬುರಗಿಯ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿಗೆ ಅಮೆರಿಕದ ಟಿವಿ ಕುಸ್ತಿ, ಅಂದರೆ ರೆಸ್ಲಿಂಗ್‌ನಲ್ಲಿ ಹೆಸರಾಗಿದ್ದ ದೈತ್ಯ ಕುಸ್ತಿಪಟು ಆಂದ್ರೆಯ ಬಗ್ಗೆ ಒಂದು ವಿಡಿಯೋ ಮತ್ತೆ ಬಂದಿದೆ. "ಆಂದ್ರೆ ದಿ ಜೈಂಟ್ 15 ವರ್ಷ ಸೋತಿರಲಿಲ್ಲ. ಯಾರೂ ಅವನನ್ನು ಎತ್ತಿರಲಿಲ್ಲ. 1987ರಲ್ಲಿ ಹಲ್ಕ್ ಹೋಗನ್ ಮೊದಲ ಸಲ ಎತ್ತಿ ಒಗೆದ" ಅಂತ ಅದರಲ್ಲಿದೆ.

ಇದು ನಿಜವಲ್ಲ. ರೆಸಲ್‌ಮೇನಿಯಾ 3 ಎಂಬ 1987ರ ದೊಡ್ಡ ರೆಸ್ಲಿಂಗ್ ಪ್ರದರ್ಶನದಲ್ಲಿ ಹೋಗನ್ ಎತ್ತಿದ್ದು ಹೌದು. ಆದರೆ ಅದೇ ಹೋಗನ್ 1980ರಲ್ಲೇ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಎತ್ತಿ ಒಗೆದಿದ್ದ. 1984ರಲ್ಲಿ ಮೆಕ್ಸಿಕೋದ ಕುಸ್ತಿಪಟು ಕನೆಕ್ ಎತ್ತಿದ್ದಷ್ಟೇ ಅಲ್ಲ, ಗೆದ್ದೂ ಇದ್ದ. ಸೋಲದ ದಾಖಲೆ ಎನ್ನುವುದು ಟಿಕೆಟ್ ಮಾರಲು ಕಟ್ಟಿದ ಕಥೆ.

ನಮ್ಮ ಜಾತ್ರೆಯ ಕುಸ್ತಿಯಲ್ಲಿ ಪೈಲ್ವಾನ್ ನಿಜವಾಗಿಯೂ ಗೆಲ್ಲಲು ಹೋರಾಡುತ್ತಾನೆ. ಆ ರೆಸ್ಲಿಂಗ್‌ನಲ್ಲಿ ಹಾಗಲ್ಲ, ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನ ಆಗಿರುತ್ತದೆ. ಆ ಕಥೆಯಲ್ಲಿ ದೈತ್ಯನ ಪಾತ್ರ ಬೆಟ್ಟದ್ದು. ಬೆಟ್ಟ ಅಲುಗಾಡಿದಾಗಲೇ ಎದುರಿನವನು ನಾಯಕ ಆಗುವುದು. ಎತ್ತುವಾಗ ದೈತ್ಯನೂ ಕಾಲೂರಿ ಸ್ವಲ್ಪ ಮೇಲೇಳಬೇಕು, ಮೈ ಹಗುರ ಮಾಡಿಕೊಡಬೇಕು. ಆಂದ್ರೆಯ ತೂಕವನ್ನು 520 ಪೌಂಡ್, ಅಂದರೆ ಸುಮಾರು 236 ಕಿಲೋ ಎಂದು ಘೋಷಿಸುತ್ತಿದ್ದರು. ಅವನು ಒಪ್ಪದಿದ್ದರೆ ಎತ್ತುವುದು ಸುಲಭವಿತ್ತಾ?

ನನಗೆ ಜಾಸ್ತಿ ನೋವಾಗುವುದು ಇಲ್ಲಿ. ಆ ದೇಹ ಬೆಳೆದದ್ದು ಬೆಳವಣಿಗೆಯ ಹಾರ್ಮೋನ್ ಮಿತಿಮೀರುವ ಕಾಯಿಲೆಯಿಂದ. 1987ರ ಆ ಪಂದ್ಯಕ್ಕೆ ಮೊದಲು ಬೆನ್ನಿನ ಆಪರೇಷನ್ ಆಗಿತ್ತು. ಉಡುಪಿನೊಳಗೆ ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಅವನು ರಿಂಗಿಗೆ ಇಳಿದ, ಬಿದ್ದುಕೊಟ್ಟ. 1993ರ ಜನವರಿಯಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವನಿಗೆ ಬರೀ 46 ವರ್ಷ.