ಎಡಕುಮೇರಿಯನ್ನು ತಿಪ್ಪೆ ಮಾಡಬೇಡಿ ಮಾರಾಯ್ರೆ!

ಇನ್ನು ಸುಮ್ಮನಿರಲು ನನ್ನಿಂದಾಗದು. ಮೊನ್ನೆ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗುವಾಗ ರೈಲು ಪಶ್ಚಿಮ ಘಟ್ಟದ ಕಾಡಿನ ನಡುವಿನ ಪುಟ್ಟ ನಿಲ್ದಾಣ ಎಡಕುಮೇರಿಯಲ್ಲಿ ನಿಂತಿತು. ಎದುರು ಸೀಟಿನವರು ಸಾಲಾಗಿ ಸೆಲ್ಫಿ ತೆಗೆದು, 'ಸ್ವರ್ಗ ಕಣೋ ಇದು' ಎಂದರು. ಅದೇ ಉಸಿರಿನಲ್ಲಿ ಚಿತ್ರಾನ್ನ ತಿಂದ ಪ್ಲಾಸ್ಟಿಕ್ ಡಬ್ಬಿಯನ್ನು ಕಿಟಕಿಯಾಚೆ ಎಸೆದರು! ಸ್ವರ್ಗಕ್ಕೆ ಯಾರಾದರೂ ಎಂಜಲು ಡಬ್ಬಿ ಎಸೆಯುತ್ತಾರೆಯೇ?

ಪ್ರತಿ ಸಲವೂ ಇದೇ ಕತೆ. ಹಳಿಯ ಪಕ್ಕ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ, ಗುಟ್ಕಾ ಚೀಟಿ, ಕೊನೆಗೆ ಮಗುವಿನ ಡೈಪರ್ ಕೂಡ. ಸರಿಯಾದ ರಸ್ತೆಯೇ ಇಲ್ಲದ ನಿಲ್ದಾಣ ಇದು. ಕಸದ ಗಾಡಿ ಆಕಾಶದಿಂದ ಇಳಿಯಬೇಕೇ? ಮಳೆ ಹೊಡೆದರೆ ಎಲ್ಲವೂ ಕಣಿವೆಯ ಹಳ್ಳಕ್ಕೆ, ಅಲ್ಲಿಂದ ಹೊಳೆಗೆ, ಕಡೆಗೆ ಕುಮಾರಧಾರೆಗೆ. ಅಲ್ಲಿ ಮಿಂದು ಪುಣ್ಯ ಕಟ್ಟಿಕೊಳ್ಳಲು ಹೊರಟವರೂ ಇವರೇ!

ಹಳಿಯ ಮೇಲೆ ಚಾರಣ ಹೊರಡುವವರದು ಇನ್ನೊಂದು ಕಾಟ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅದು ಅಪರಾಧ, 6 ತಿಂಗಳವರೆಗೆ ಜೈಲೂ ಉಂಟು. ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಕೇಕೆ ಹಾಕುತ್ತಾ ಹೋಗುವಾಗ ಎದುರಿಗೆ ಗೂಡ್ಸ್ ಬಂದರೆ ಎಲ್ಲಿ ಸರಿದು ನಿಲ್ಲುತ್ತೀರಿ? ಎಂಜಿನ್ ಓಡಿಸುವವನ ಎದೆ ಏನಾಗಬೇಕು?

2024ರ ಜುಲೈನಲ್ಲಿ ಇದೇ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದಾಗ, ಜಡಿಮಳೆಯಲ್ಲಿ ನಿಂತು ದಾರಿ ಸರಿಮಾಡಿದವರು ಹಳಿ ಕಾಯುವ ಕೆಲಸಗಾರರು. ರಾತ್ರಿ ಲಾಟೀನು ಹಿಡಿದು ಅವರು ಗಸ್ತು ತಿರುಗುವ ಹಾದಿಗೇ ಒಡೆದ ಬಿಯರ್ ಬಾಟಲಿ ಚೆಲ್ಲುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ನಿಮಗೆ?